ರಾಜ್ಯ ಪತ್ತುವಿಟ್ಟವರ ಜಾಡಿನಲ್ಲಿ ನಾಲ್ಕು ದಿನ

ಶ್ರವಣಬೆಳಗೊಳಕ್ಕೆ ಹೋಗುವವರಲ್ಲಿ ಹೆಚ್ಚಿನವರು ದೊಡ್ಡಬೆಟ್ಟ ಹತ್ತಿ, ಗೊಮ್ಮಟನಿಗೆ ಕೈಮುಗಿದು, ಕೆಳಗಿಳಿದು ಎಳನೀರು ಕುಡಿದು ಮುಂದಿನ ಊರಿಗೆ ಹೊರಟುಬಿಡುತ್ತಾರೆ. ಎದುರಿಗಿರುವ ಚಿಕ್ಕಬೆಟ್ಟ ಹಾಗೇ ಉಳಿಯುತ್ತದೆ. ಅರಸೊತ್ತಿಗೆಯನ್ನು ಬಿಡುವುದು ಎಂದರೇನು ಎಂಬ ಪ್ರಶ್ನೆ ಇಟ್ಟುಕೊಂಡು ಹೊರಟವರು ಹಾಗೆ ಮಾಡಬಾರದು. ದೊಡ್ಡಬೆಟ್ಟದ ಮೇಲಿರುವವನು ಪುರಾಣದ ಅರಸು, ಬಾಹುಬಲಿ. ಹೆಸರು, ವಂಶ, ವರ್ಷ ಎಲ್ಲ ಇರುವ ಅರಸರು ಚಿಕ್ಕಬೆಟ್ಟದಲ್ಲಿದ್ದಾರೆ. ಮೊದಲು ಇವರನ್ನು ನೋಡಿ ಆಮೇಲೆ ಗೊಮ್ಮಟನ ಮುಂದೆ ನಿಂತರೆ ಅವನ ಮುಖವೇ ಬೇರೆಯಾಗಿ ಕಾಣುತ್ತದೆ.

ಶ್ರವಣಬೆಳಗೊಳದಲ್ಲಿ ಎರಡು ದಿನ, ಬಂಕಾಪುರಕ್ಕೆ ಒಂದು ದಿನ, ಮಳಖೇಡಕ್ಕೆ ಒಂದು ದಿನ ಬೇಕು. ನವೆಂಬರಿನಿಂದ ಫೆಬ್ರುವರಿ ಒಳ್ಳೆಯ ಕಾಲ. ಏಪ್ರಿಲ್‌, ಮೇ ತಿಂಗಳಲ್ಲಿ ಬೆಟ್ಟದ ಬಂಡೆಯೂ ಕಲಬುರಗಿಯ ಬಿಸಿಲೂ ಎರಡೂ ಸುಡುತ್ತವೆ. ಎರಡು ಬೆಟ್ಟದಲ್ಲೂ ಬರಿಗಾಲಲ್ಲೇ ನಡೆಯಬೇಕಾದ್ದರಿಂದ ದಪ್ಪ ಹತ್ತಿಯ ಕಾಲುಚೀಲ ಎರಡು ಜೊತೆ ಇರಲಿ. ನೈಲಾನ್ ಕಾಲುಚೀಲ ನುಣುಪು ಬಂಡೆಯ ಮೇಲೆ ಜಾರುತ್ತದೆ. ಒಂದು ಟಾರ್ಚು ಬೇಕು. ಎಪಿಗ್ರಾಫಿಯಾ ಕರ್ನಾಟಿಕದ ಎರಡನೆಯ ಸಂಪುಟದಿಂದ ಬೇಕಾದ ನಾಲ್ಕೈದು ಶಾಸನಗಳ ಪಾಠವನ್ನು ಜೆರಾಕ್ಸ್ ಮಾಡಿಸಿಕೊಂಡು ಹೋಗಿ. ಆ ಸಂಪುಟದ ಪರಿಷ್ಕೃತ ಆವೃತ್ತಿಯಲ್ಲಿ ಶ್ರವಣಬೆಳಗೊಳ ಮತ್ತು ಸುತ್ತಲಿನ 573 ಶಾಸನಗಳಿವೆ, ಅದರಲ್ಲಿ 271 ಚಿಕ್ಕಬೆಟ್ಟದವೇ. ಪಾಠ ಕೈಯಲ್ಲಿಲ್ಲದೆ ಹೋದರೆ ಕಾಣುವುದು ಬರೀ ಗೀರು.

ಮೊದಲ ದಿನ: ಚಿಕ್ಕಬೆಟ್ಟ

ಬೆಂಗಳೂರಿನಿಂದ ಕುಣಿಗಲ್, ಹಿರೀಸಾವೆ ಮೇಲಾಗಿ ಸುಮಾರು 145 ಕಿ.ಮೀ. ಬೆಂಗಳೂರು–ಹಾಸನ ರೈಲುದಾರಿಯಲ್ಲಿ ಶ್ರವಣಬೆಳಗೊಳಕ್ಕೆ ನಿಲ್ದಾಣವೂ ಇದೆ. ಮಧ್ಯಾಹ್ನದೊಳಗೆ ಊರು ಸೇರಿ, ಉಂಡು, ಮೂರು ಗಂಟೆ ದಾಟಿದ ಮೇಲೆ ಚಿಕ್ಕಬೆಟ್ಟಕ್ಕೆ ಕಾಲಿಡುವುದು ಸರಿ. ಮೆಟ್ಟಿಲು ಇನ್ನೂರರ ಆಸುಪಾಸು, ಮಕ್ಕಳೂ ಮುದುಕರೂ ಆರಾಮವಾಗಿ ಹತ್ತಬಹುದು. ಸಂಜೆಯನ್ನು ಆರಿಸಿಕೊಳ್ಳುವುದಕ್ಕೆ ಬಿಸಿಲು ಇಳಿಯುವುದೊಂದೇ ಕಾರಣವಲ್ಲ. ಇಲ್ಲಿನ ಹಳಗನ್ನಡ ಅಕ್ಷರಗಳನ್ನು ಬಂಡೆಯಲ್ಲಿ ತೆಳುವಾಗಿ ಕೊರೆದಿದ್ದಾರೆ. ನೆತ್ತಿಯ ಮೇಲೆ ಸೂರ್ಯನಿದ್ದಾಗ ನೆರಳೇ ಬೀಳದೆ ಅಕ್ಷರ ಮಾಯವಾಗಿಬಿಡುತ್ತದೆ. ಓರೆ ಬಿಸಿಲಲ್ಲಿ ಪ್ರತಿ ಗೀರಿಗೂ ಒಂದು ಅಂಚು ಸಿಗುತ್ತದೆ. ಮೋಡ ಕವಿದಿದ್ದರೆ ಟಾರ್ಚನ್ನು ನೆಲಕ್ಕೆ ತಾಗುವಂತೆ ಹಿಡಿದು ಅಡ್ಡಲಾಗಿ ಬೆಳಕು ಬಿಟ್ಟರೂ ಆದೀತು. ನೀರು ಸುರಿಯುವುದು, ಸೀಮೆಸುಣ್ಣ ತಿಕ್ಕುವುದು ಮಾತ್ರ ಕೂಡದು.

ಪ್ರಾಕಾರದ ದಕ್ಷಿಣದ ಬಾಗಿಲಲ್ಲಿ ಕೂಗೆ ಬ್ರಹ್ಮದೇವರ ಕಂಬವಿದೆ. ತುದಿಯಲ್ಲಿ ಪೂರ್ವಕ್ಕೆ ಮುಖಮಾಡಿ ಕುಳಿತ ಬ್ರಹ್ಮದೇವ, ಮೈಮೇಲೆ ಶಾಸನ. ಜನ ಅದರ ಪಕ್ಕದಲ್ಲೇ ಹಾದುಹೋಗುತ್ತಾರೆ, ನಿಲ್ಲುವವರು ಕಡಿಮೆ. ಇದು ಗಂಗರ ಅರಸು ಮಾರಸಿಂಹನ ಕಂಬ. ಅವನು ಗೆದ್ದ ಕಾಳಗಗಳು, ಮುರಿದ ಕೋಟೆಗಳು, ರಾಷ್ಟ್ರಕೂಟರ ಇಂದ್ರರಾಜನಿಗೆ ಪಟ್ಟ ಕಟ್ಟಿಸಿದ್ದು, ಎಲ್ಲವನ್ನೂ ಉಸಿರು ಕಟ್ಟುವಂತೆ ಹೇಳಿಕೊಂಡು ಬರುವ ಶಾಸನ ಕೊನೆಗೆ ದನಿ ತಗ್ಗಿಸುತ್ತದೆ. ಅವನು ರಾಜ್ಯವನ್ನು ‘ಪತ್ತುವಿಟ್ಟು’, ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಪಾದಸನ್ನಿಧಿಯಲ್ಲಿ ಮೂರು ದಿವಸ ನೋಂತು ಸಮಾಧಿಯನ್ನು ಸಾಧಿಸಿದ, ಅಂದರೆ ವ್ರತ ಹಿಡಿದು ಪ್ರಾಣ ಬಿಟ್ಟ. ಕಾಲ ಸುಮಾರು 974.

ಪತ್ತುವಿಡು ಎಂಬ ಮಾತನ್ನು ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದು ನೋಡಬೇಕು. ಪತ್ತು ಎಂದರೆ ಹತ್ತಿಕೊಂಡಿರುವುದು, ಅಂಟು, ಹಿಡಿತ. ಹಸ್ತಾಂತರ ಎಂಬ ಇಂದಿನ ಶಬ್ದದಲ್ಲಿ ವಸ್ತು ಒಂದು ಕೈಯಿಂದ ಇನ್ನೊಂದಕ್ಕೆ ಹೋಗುತ್ತದೆ. ಪತ್ತುವಿಡುವಲ್ಲಿ ವಸ್ತು ಎಲ್ಲಿಗೆ ಹೋಯಿತು ಎಂಬುದರ ಸುದ್ದಿಯೇ ಇಲ್ಲ. ಕೈ ಸಡಿಲವಾಯಿತು, ಅಷ್ಟೇ. ಶಾಸನ ಬರೆದವನು ಈ ಪದವನ್ನು ಆರಿಸಿದ್ದು ಸುಮ್ಮನೆ ಅಲ್ಲ ಎಂದೇ ತೋರುತ್ತದೆ.

ವಸ್ತು ಮಾತ್ರ ಎಲ್ಲಿಗೋ ಹೋಗಿಯೇ ಹೋಗುತ್ತದೆ. ಮಾರಸಿಂಹ ಬಿಟ್ಟ ಗದ್ದುಗೆಗೆ ಪಾಂಚಾಲದೇವ ಕೈಹಾಕಿದ, ಮುದುರಾಚಯ್ಯ ತಿರುಗಿಬಿದ್ದ. ರಾಚಮಲ್ಲನನ್ನು ಅಲ್ಲಿ ಕೂರಿಸಿ ಉಳಿಸಿಕೊಳ್ಳುವ ಭಾರವನ್ನು ಹೊತ್ತವನು ಮಂತ್ರಿ ಚಾವುಂಡರಾಯ. ಒಬ್ಬ ಹಗುರಾದಾಗ ಇನ್ನೊಬ್ಬನ ಹೆಗಲು ಬಾಗಿತು. ತ್ಯಾಗವನ್ನು ಹೊಗಳುವ ಶಾಸನದಲ್ಲಿ ಈ ಭಾಗ ಇಲ್ಲ. ಅದನ್ನು ಬೇರೆ ಶಾಸನ, ಕಾವ್ಯಗಳಿಂದ ತಂದು ಕೂಡಿಸಿಕೊಳ್ಳಬೇಕು.

ಮುಂದೆ ಗಂಧವಾರಣ ಬಸದಿ. 1123ರಲ್ಲಿ ಶಾಂತಲಾದೇವಿ ಕಟ್ಟಿಸಿದ್ದು. ಅದರ ಬಳಿಯ ಕಂಬವೊಂದರಲ್ಲಿ ಬಸದಿಗಿಂತ ಹಳೆಯ ಶಾಸನವಿದೆ. ಮಾರಸಿಂಹ ಪಟ್ಟ ಕಟ್ಟಿಸಿದ ಅದೇ ಇಂದ್ರರಾಜ, ಮೂರನೆಯ ಕೃಷ್ಣನ ಮೊಮ್ಮಗ, 982ರಲ್ಲಿ ಸಲ್ಲೇಖನದಿಂದ, ಅಂದರೆ ಅನ್ನ ನೀರು ಬಿಡುತ್ತ ಸಾವನ್ನು ಒಪ್ಪಿಕೊಳ್ಳುವ ಜೈನ ವ್ರತದಿಂದ, ಮುಡಿಪಿದ (ತೀರಿಕೊಂಡ) ಸಂಗತಿ. ವಿಚಿತ್ರವೆಂದರೆ ಶಾಸನದ ಬಹುಭಾಗ ಅವನ ಚೆಂಡಾಟವನ್ನು ವರ್ಣಿಸುತ್ತದೆ. ಕುದುರೆಯ ಮೇಲಿಂದ ಕೋಲಿನಲ್ಲಿ ಚೆಂಡು ಹೊಡೆಯುವುದರಲ್ಲಿ ಅವನ ಕೈಚಳಕ, ತಿರುಗುವ ಪರಿ, ಸುತ್ತು. ಆಳಿದ ರಾಜ್ಯದ ಬಗ್ಗೆ ಹೇಳಲು ಏನಿತ್ತು? ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ (ಇಂದಿನ ಮಳಖೇಡ) 972ರಲ್ಲಿ ಪರಮಾರರ ಸೀಯಕನ ಕೈಗೆ ಸಿಕ್ಕಿ ಸೂರೆಯಾಗಿತ್ತು. ಮರುವರ್ಷ ಚಾಲುಕ್ಯ ತೈಲಪ ಅವರ ರಾಜ್ಯವನ್ನೇ ಕಿತ್ತುಕೊಂಡಿದ್ದ. ಮಾರಸಿಂಹ ಕಟ್ಟಿದ ಪಟ್ಟದ ಹಿಂದೆ ನೆಲವೇ ಇರಲಿಲ್ಲ.

ಹಾಗಾದರೆ ಇಂದ್ರ ಬಿಟ್ಟದ್ದೇನು? ಕಳೆದುಕೊಂಡದ್ದನ್ನು ತ್ಯಾಗ ಎಂದು ಕರೆಯಬಹುದೇ ಎಂದು ಕೇಳುವುದು ಸುಲಭ. ಆದರೆ ನೆಲ ಹೋದ ಮೇಲೆ ಉಳಿಯುವ ಹಕ್ಕಿನ ನೆನಪು ನೆಲಕ್ಕಿಂತ ಭಾರ. ಅದನ್ನು ಹೊತ್ತು ಜೀವಮಾನವೆಲ್ಲ ಸೈನ್ಯ ಹುಡುಕಿಕೊಂಡು ಅಲೆದ ಅರಸರು ಎಲ್ಲ ವಂಶದಲ್ಲೂ ಇದ್ದಾರೆ. ಇಂದ್ರ ಅದನ್ನು ಇಳಿಸಿ ಇಲ್ಲಿ ಕುಳಿತ. ನಮ್ಮ ಲೆಕ್ಕದಲ್ಲಿ ಮಾರಸಿಂಹನದಕ್ಕಿಂತ ಇವನದು ಕಡಿಮೆಯಲ್ಲ.

ಸಲ್ಲೇಖನ ಬೇಕೆಂದವರು ಬೇಕೆಂದಾಗ ಹಿಡಿಯುವ ವ್ರತವಲ್ಲ ಎಂಬುದನ್ನೂ ಇಲ್ಲೇ ತಿಳಿದುಕೊಳ್ಳಬೇಕು. ಪರಿಹಾರವಿಲ್ಲದ ಆಪತ್ತು, ಬರಗಾಲ, ಮುಪ್ಪು, ವಾಸಿಯಾಗದ ರೋಗ, ಇವಿದ್ದಾಗ ಮಾತ್ರ, ಅದೂ ಗುರುವಿನ ಒಪ್ಪಿಗೆಯಿಂದ ಎಂದು ಶ್ರಾವಕಾಚಾರಗಳು, ಅಂದರೆ ಜೈನ ಗೃಹಸ್ಥರ ನಡತೆಯ ಗ್ರಂಥಗಳು, ಕಟ್ಟುಹಾಕಿವೆ. ಹಿಡಿದವನು ಎಡವುವ ಜಾಗಗಳನ್ನೂ ಹೆಸರಿಸಿವೆ. ಇನ್ನಷ್ಟು ಬದುಕುವ ಆಸೆ, ಬೇಗ ಸಾಯುವ ಆಸೆ, ಗೆಳೆಯರ ನೆನಪು, ಮತ್ತೆ ‘ನಿದಾನ’. ನಿದಾನ ಎಂದರೆ ಇಲ್ಲಿ ಸಾವಕಾಶವಲ್ಲ. ಈ ತಪಸ್ಸಿಗೆ ಪ್ರತಿಯಾಗಿ ಮುಂದಿನ ಹುಟ್ಟಿನಲ್ಲಿ ಇಂಥದ್ದು ಸಿಗಲಿ ಎಂದು ಒಳಗೊಳಗೇ ಕಟ್ಟಿಕೊಳ್ಳುವ ಬಯಕೆ. ರಾಜ್ಯ ಬಿಟ್ಟ ಅರಸನಿಗೆ ಈ ಕಡೆಯದೇ ಅಪಾಯ. ಇಲ್ಲಿ ಬಿಟ್ಟು ಅಲ್ಲಿ ದೊಡ್ಡದನ್ನು ಪಡೆಯುವ ಲೆಕ್ಕ ಹಾಕಿದರೆ ಅದು ವ್ಯಾಪಾರವಾಯಿತು.

ಬೆಟ್ಟದ ಮೂಲಕಥೆ ಚಂದ್ರಗುಪ್ತನದು. ಜೈನ ಶಾಸ್ತ್ರವನ್ನೆಲ್ಲ ಬಲ್ಲ ಶ್ರುತಕೇವಲಿ ಭದ್ರಬಾಹು ಉತ್ತರದಲ್ಲಿ ಹನ್ನೆರಡು ವರ್ಷದ ಕ್ಷಾಮ ಬರುವುದನ್ನು ಮುಂಗಂಡು ಸಂಘದೊಡನೆ ದಕ್ಷಿಣಕ್ಕೆ ಹೊರಟ, ಮೌರ್ಯ ಚಕ್ರವರ್ತಿ ಚಂದ್ರಗುಪ್ತ ರಾಜ್ಯ ತೊರೆದು ಅವನ ಶಿಷ್ಯನಾಗಿ ಬಂದ, ಗುರುವಿನ ಕೊನೆಯವರೆಗೂ ಸೇವೆ ಮಾಡಿ ಇಲ್ಲೇ ದೇಹ ಬಿಟ್ಟ ಎಂಬುದು ಪರಂಪರೆ. ಪಾರ್ಶ್ವನಾಥ ಬಸದಿಯ ಪಕ್ಕದ ಬಂಡೆಯ ಮೇಲಿರುವ, ಸುಮಾರು 600ರ ಶಾಸನ ಭದ್ರಬಾಹುವನ್ನೂ ಉಜ್ಜಯಿನಿಯ ಭವಿಷ್ಯವನ್ನೂ ಹೇಳುತ್ತದೆ. ಕಟವಪ್ರ ಎಂದು ಆಗ ಕರೆಯುತ್ತಿದ್ದ ಈ ಬೆಟ್ಟದಲ್ಲಿ ಸಮಾಧಿ ಪಡೆದವನ ಹೆಸರು ಅಲ್ಲಿ ಪ್ರಭಾಚಂದ್ರ. ಅದು ಚಂದ್ರಗುಪ್ತನ ದೀಕ್ಷಾನಾಮ ಎಂದು ಪರಂಪರೆ ನಂಬುತ್ತದೆ, ಒಪ್ಪದ ವಿದ್ವಾಂಸರೂ ಇದ್ದಾರೆ. ಸುಮಾರು 650ರ ಇನ್ನೊಂದು ಬಂಡೆಶಾಸನದಲ್ಲಿ ಭದ್ರಬಾಹು–ಚಂದ್ರಗುಪ್ತ ಎಂಬ ಮುನೀಂದ್ರರ ಜೋಡಿ ಒಟ್ಟಿಗೆ ಬರುತ್ತದೆ. ಮೌರ್ಯನಿಗೂ ಈ ಬರಹಗಳಿಗೂ ನಡುವೆ ಒಂಬೈನೂರು ವರ್ಷದ ಅಂತರವಿದೆ, ಅದನ್ನು ಮರೆಯಬಾರದು. ಒಂದು ಮಾತಂತೂ ನಿಜ: ಚಕ್ರವರ್ತಿಯೊಬ್ಬ ಇಲ್ಲಿ ಬಂದು ಶಿಷ್ಯನಾಗಿ ಬದುಕಿದ ಎಂಬ ನಂಬಿಕೆಯೇ ಮಾರಸಿಂಹ, ಇಂದ್ರರ ಕಾಲದ ಅರಸರ ಕಣ್ಣಿಗೆ ಈ ಬೆಟ್ಟವನ್ನು ಅಷ್ಟು ಎತ್ತರದಲ್ಲಿಟ್ಟಿತು.

ಆ ಕಥೆಯನ್ನು ಕಲ್ಲಿನಲ್ಲಿ ನೋಡಬೇಕಾದರೆ ಕತ್ತಲೆ ಬಸದಿಗೆ ಅಂಟಿಕೊಂಡಿರುವ ಪುಟ್ಟ ಚಂದ್ರಗುಪ್ತ ಬಸದಿಗೆ ಹೋಗಬೇಕು. ಬಾಗಿಲಿನ ಎರಡೂ ಪಕ್ಕ ಜಾಲಂಧ್ರಗಳು (ಕಲ್ಲಿನ ಜಾಲರಿಗಳು), ಅವುಗಳಲ್ಲಿ ಭದ್ರಬಾಹು ಮತ್ತು ಚಂದ್ರಗುಪ್ತರ ಬಾಳಿನ 90 ಚೌಕಗಳು. ಕೆತ್ತಿದವನು ದಾಸೋಜ, ಹೆಸರನ್ನೂ ಕೊರೆದಿದ್ದಾನೆ. ಚೌಕಗಳು ಅಂಗೈಯಗಲದವು. ಟಾರ್ಚಿನ ಬೆಳಕನ್ನು ನೇರ ಬಿಟ್ಟರೆ ಎಲ್ಲ ಚಪ್ಪಟೆಯಾಗಿ ಕಾಣುತ್ತದೆ, ಪಕ್ಕದಿಂದ ಬಿಡಬೇಕು. ಅವಸರದವರಿಗೆ ಇಲ್ಲಿ ಏನೂ ದಕ್ಕದು, ಅರ್ಧ ಗಂಟೆ ಮೀಸಲಿಡಿ. ಆಮೇಲೆ ಪ್ರಾಕಾರದ ಹೊರಗಿನ ಭದ್ರಬಾಹು ಗುಹೆ. ಒಳಗಿರುವುದು ಪಾದದ ಗುರುತು ಮಾತ್ರ.

ಇಳಿಯುವ ಮುಂಚೆ ಪ್ರಾಕಾರದೊಳಗೆ ಇನ್ನೊಂದು ಮೂರ್ತಿಯನ್ನು ಹುಡುಕಿ ನೋಡಬೇಕು. ತೊಡೆಯ ಕೆಳಗಿನ ಭಾಗವಿಲ್ಲದ, ನೆಲದಿಂದ ಎದ್ದಂತೆ ನಿಂತಿರುವ ಕಲ್ಲಿನ ಮೈ. ಜನ ಅದನ್ನು ಭರತೇಶ್ವರ ಎನ್ನುತ್ತಾರೆ. ನಾಳೆ ನೋಡುವ ತಮ್ಮನ ಅಣ್ಣ, ಚಕ್ರವರ್ತಿಯಾಗಿ ಉಳಿದವನು.

ಎರಡನೆಯ ದಿನ: ದೊಡ್ಡಬೆಟ್ಟ

ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಹತ್ತಬೇಕು. 600ಕ್ಕೂ ಹೆಚ್ಚು ಮೆಟ್ಟಿಲು, ಬಂಡೆಯಲ್ಲೇ ಕಡಿದವು. ಕೆಲವು ಗಿಡ್ಡ, ಕೆಲವು ಉದ್ದ, ಹೆಜ್ಜೆಯ ಲಯ ತಪ್ಪುತ್ತದೆ. ಮಂಡಿನೋವಿದ್ದವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ, ಕಂಬಿ ಹಿಡಿದು ಓರೆಯಾಗಿ ಇಳಿಯಬೇಕು. ಆಗದವರಿಗೆ ಡೋಲಿ ಸಿಗುತ್ತದೆ. ಹತ್ತು ಗಂಟೆ ದಾಟಿದರೆ ಬಂಡೆ ಕಾಯತೊಡಗುತ್ತದೆ, ಹನ್ನೊಂದರ ಹೊತ್ತಿಗೆ ಕಾಲುಚೀಲವಿದ್ದರೂ ಓಡುವ ಹಾಗಾಗುತ್ತದೆ.

ದಾರಿಯಲ್ಲಿ ತ್ಯಾಗದ ಬ್ರಹ್ಮದೇವರ ಕಂಬ. ಚಾಗದ ಕಂಬ ಎಂದೂ ಹೆಸರು. ಹಳಗನ್ನಡದಲ್ಲಿ ಚಾಗ ಎಂದರೆ ದಾನ, ಚಾಗಿ ಎಂದರೆ ಕೊಡುಗೈಯವನು. ಚಾವುಂಡರಾಯ ಇಲ್ಲಿ ಕುಳಿತು ದಾನ ಹಂಚುತ್ತಿದ್ದ ಎಂಬ ಪ್ರತೀತಿ ಇದೆ. ಹೀಗೆ ಒಂದೇ ಮಾತಿನಲ್ಲಿ ಕೊಡುವುದೂ ಬಿಡುವುದೂ ಸೇರಿಕೊಂಡಿವೆ. ಎರಡೂ ಬೇರೆ ಬೇರೆ ಎಂಬುದಕ್ಕೆ ಈ ಕಂಬವೇ ಸಾಕ್ಷಿ. ಇದರ ಮೇಲೆ ಚಾವುಂಡರಾಯ ತನ್ನ ವೃತ್ತಾಂತವನ್ನು ಕೆತ್ತಿಸಿದ್ದ. ಸುಮಾರು 1200ರಲ್ಲಿ ಹೆಗ್ಗಡೆ ಕಣ್ಣ ಎಂಬವನು ತನ್ನ ಎರಡೂವರೆ ಸಾಲು ಬರೆಸಲು ಕಂಬದ ಮೂರು ಮುಖಗಳ ಬರಹವನ್ನು ಅಳಿಸಿಬಿಟ್ಟ. ಗೊಮ್ಮಟನನ್ನು ಮಾಡಿಸಿದವನ ಬಾಯಿಂದಲೇ ಬಂದ ಮಾತು ಹೀಗೆ ಕಳೆದುಹೋದದ್ದು ಕನ್ನಡಕ್ಕೆ ದೊಡ್ಡ ನಷ್ಟ. ದಾನ ಕೊಟ್ಟವನಿಗೂ ಕೊಟ್ಟ ಸುದ್ದಿ ಉಳಿಯಬೇಕು ಎನ್ನಿಸುತ್ತದೆ, ಅದನ್ನು ಅಳಿಸಿದವನಿಗೂ ಹಾಗೇ ಎನ್ನಿಸುತ್ತದೆ.

ಅಖಂಡ ಬಾಗಿಲು ಒಂದೇ ಬಂಡೆಯಲ್ಲಿ ಕೊರೆದದ್ದು, ಮೇಲೆ ಗಜಲಕ್ಷ್ಮಿ. ಇಕ್ಕೆಲದಲ್ಲಿ ಭರತ, ಬಾಹುಬಲಿ ಇಬ್ಬರಿಗೂ ಸಣ್ಣ ಗುಡಿ. ಲಕ್ಷ್ಮಿಯ ಒಂದು ಪಕ್ಕ ಅವಳನ್ನು ಇಟ್ಟುಕೊಂಡವನು, ಇನ್ನೊಂದು ಪಕ್ಕ ಬಿಟ್ಟವನು. ಹಾಗೆಂದೇ ಯೋಜಿಸಿದರೋ ಏನೋ, ನೋಡುವವರಿಗೆ ಹಾಗೆ ಒದಗಿಬರುತ್ತದೆ.

ಮೇಲೆ ಗೊಮ್ಮಟ. ಸುಮಾರು 58 ಅಡಿ, ಉತ್ತರಕ್ಕೆ ಮುಖ, 981ರ ಪ್ರತಿಷ್ಠೆ. ಪಾದದ ಬಳಿಯ ಹುತ್ತಗಳ ಮೇಲೆ ಮಾಡಿಸಿದವನು ಚಾವುಂಡರಾಯ, ಸುತ್ತಾಲಯ (ಸುತ್ತಲಿನ ಕಟ್ಟಡ) ಕಟ್ಟಿಸಿದವನು ಹೊಯ್ಸಳರ ದಂಡನಾಯಕ ಗಂಗರಾಜ ಎಂದು ಬರೆದಿದೆ, ಕನ್ನಡದಲ್ಲಿ ಮಾತ್ರವಲ್ಲದೆ ತಮಿಳು, ಮರಾಠಿ ಮಾತಿನಲ್ಲೂ. ಹುತ್ತದಿಂದ ಹಾವು ಹೊರಬರುತ್ತಿವೆ, ಮಾಧವಿ ಬಳ್ಳಿ ತೊಡೆ ಸುತ್ತಿ ತೋಳಿಗೇರಿದೆ. ಅಂದರೆ ಈ ಮೂರ್ತಿ ತೋರಿಸುವುದು ರಾಜ್ಯ ಬಿಟ್ಟ ಗಳಿಗೆಯನ್ನಲ್ಲ. ಅದಾಗಿ ಬಹಳ ಕಾಲ ಕಳೆದಿದೆ.

ಕಥೆಯನ್ನು ಕನ್ನಡಕ್ಕೆ ಕೊಟ್ಟವನು ಪಂಪ, 941ರ ಆದಿಪುರಾಣದಲ್ಲಿ. ಅಪ್ಪ ಆದಿನಾಥ ಮಾಡಿದ ತ್ಯಾಗ ಕ್ರಮಬದ್ಧ. ಭರತನಿಗೆ ಅಯೋಧ್ಯೆ, ಬಾಹುಬಲಿಗೆ ಪೌದನಪುರ, ಉಳಿದ ಮಕ್ಕಳಿಗೂ ಪಾಲು, ಎಲ್ಲ ಒಪ್ಪಿಸಿ ಆಮೇಲೆ ಕಾಡಿಗೆ. ಇಷ್ಟಾದರೂ ತೊಡಕು ಅಲ್ಲೇ ಹುಟ್ಟಿತು. ಭರತ ಷಟ್ಖಂಡ ಗೆದ್ದು ಬಂದಾಗ ಚಕ್ರರತ್ನ ಊರಬಾಗಿಲಲ್ಲಿ ನಿಂತುಬಿಟ್ಟಿತು, ತಮ್ಮಂದಿರು ಇನ್ನೂ ತಲೆಬಾಗಿಲ್ಲ ಎಂದು. ಬಾಹುಬಲಿ ಬಾಗಲಿಲ್ಲ. ಸೈನ್ಯ ಸಾಯುವುದು ಬೇಡ, ಅಣ್ಣತಮ್ಮಂದಿರಿಬ್ಬರೇ ಸೆಣಸಲಿ ಎಂದು ಮಂತ್ರಿಗಳು ಗೆರೆ ಎಳೆದರು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ. ಭರತನ ಎತ್ತರ 500 ಬಿಲ್ಲು, ಬಾಹುಬಲಿಯದು 525. ಮೊದಲೆರಡರಲ್ಲಿ ಎತ್ತರವೇ ಗೆಲ್ಲಿಸಿತು: ಅಣ್ಣ ಕತ್ತೆತ್ತಿ ನೋಡಬೇಕು, ತಮ್ಮ ಕಣ್ಣು ತಗ್ಗಿಸಿದರಾಯಿತು, ಎರಚಿದ ನೀರು ಅಣ್ಣನ ಮುಖಕ್ಕೆ, ತಮ್ಮನ ಎದೆಗೆ. ಮೂರನೆಯದರಲ್ಲಿ ಅಣ್ಣನನ್ನು ಎತ್ತಿಹಿಡಿದ ಬಾಹುಬಲಿ ನೆಲಕ್ಕೆ ಅಪ್ಪಳಿಸಲಿಲ್ಲ, ಇಳಿಸಿದ. ಸೋತ ಭರತ ಸಿಟ್ಟಿನಲ್ಲಿ ಚಕ್ರವನ್ನೇ ಬಿಟ್ಟ. ಅದು ತಮ್ಮನನ್ನು ಬಲಬಂದು ನಿಂತಿತು. ಆಗ ಬಾಹುಬಲಿ, ಅಣ್ಣಾ, ಈ ರಾಜ್ಯಲಕ್ಷ್ಮಿ ನಿನ್ನೆದೆಯಲ್ಲೇ ನೆಲೆಸಲಿ, ಅಪ್ಪ ಕೊಟ್ಟ ನೆಲವನ್ನೂ ನಿನಗೆ ಕೊಟ್ಟೆ, ನೀನು ಒಲಿದವಳನ್ನು ನಾನು ಬಯಸಿದರೆ ನನ್ನ ಹೆಸರು ಮಾಸುವುದಿಲ್ಲವೇ ಎನ್ನುತ್ತಾನೆ.

ಗೆದ್ದವನು ಬಿಟ್ಟ ಎಂಬಲ್ಲಿಗೆ ಕಥೆಯನ್ನು ನಿಲ್ಲಿಸುವುದು ವಾಡಿಕೆ. ಪುರಾಣ ಅಲ್ಲಿ ನಿಲ್ಲುವುದಿಲ್ಲ. ಬಾಹುಬಲಿ ಒಂದು ವರ್ಷ ನಿಂತ, ಹುತ್ತ ಬೆಳೆಯಿತು, ಎಲ್ಲವನ್ನೂ ಅರಿಯುವ ಕೇವಲಜ್ಞಾನ ಬರಲಿಲ್ಲ. ನಾನು ನಿಂತಿರುವ ನೆಲ ಭರತನದು ಎಂಬ ಒಂದು ಮುಳ್ಳು ಒಳಗೆ ಉಳಿದಿತ್ತು. ಭರತ ಬಂದು ಎರಗಿದ ಮೇಲೆ ಅದು ಕಳಚಿತು. ಬಾಯಿಮಾತಿನಲ್ಲಿ ಕೊಟ್ಟದ್ದು ಮನಸ್ಸಿನಿಂದ ಹೋಗಲು ವರ್ಷ ಹಿಡಿಯಿತು, ಅದಕ್ಕೂ ತೆಗೆದುಕೊಂಡವನೇ ಬರಬೇಕಾಯಿತು. ಇನ್ನು ಭರತ? ಸಿಂಹಾಸನದಲ್ಲೇ ಕೊನೆಯವರೆಗೂ ಕುಳಿತವನು ಮಗ ಅರ್ಕಕೀರ್ತಿಗೆ ಪಟ್ಟ ಕಟ್ಟಿ ದೀಕ್ಷೆ ಹಿಡಿದದ್ದೇ ತಡ, ಅಂತರ್ಮುಹೂರ್ತದಲ್ಲಿ, ಅಂದರೆ 48 ನಿಮಿಷದೊಳಗೆ, ಕೇವಲಜ್ಞಾನ ಪಡೆದ. ನಿನ್ನೆ ಕಂಡ ಕಾಲಿಲ್ಲದ ಮೂರ್ತಿಯ ಮುಂದೆ ಒಂದು ಗಳಿಗೆ ಹೆಚ್ಚು ನಿಲ್ಲಬೇಕಿತ್ತು ಎನ್ನಿಸುವುದು ಇಲ್ಲಿ.

ಸುತ್ತಾಲಯದ ಎದುರು ಗುಳ್ಳಕಾಯಜ್ಜಿ ನಿಂತಿದ್ದಾಳೆ. ಮಾಡಿಸಿದವನು ನಾನು ಎಂಬ ಹೆಮ್ಮೆಯಲ್ಲಿ ಚಾವುಂಡರಾಯ ಕೊಡಗಟ್ಟಲೆ ಹಾಲು ಸುರಿದರೂ ಅಭಿಷೇಕ ಪಾದ ಮುಟ್ಟಲಿಲ್ಲ, ಅಜ್ಜಿಯ ಗುಳ್ಳಕಾಯಿಯಷ್ಟು ಹಾಲು ಬೆಟ್ಟದ ಕೆಳಗೂ ಹರಿಯಿತು ಎಂಬುದು ಐತಿಹ್ಯ. ಗೊಮ್ಮಟನ ಮುಳ್ಳು, ರಾಯನ ಮುಳ್ಳು ಎರಡೂ ಒಂದೇ ಜಾತಿಯವು. ಮಹಾಮಸ್ತಕಾಭಿಷೇಕ ಹನ್ನೆರಡು ವರ್ಷಕ್ಕೊಮ್ಮೆ. ಕಳೆದದ್ದು 2018ರಲ್ಲಿ, ಆ ಲೆಕ್ಕದಲ್ಲಿ ಮುಂದಿನದು 2030. ಆ ವರ್ಷ ಶಾಸನ ನೋಡುವ ಆಸೆ ಇಟ್ಟುಕೊಳ್ಳಬೇಡಿ, ಜನಸಂದಣಿಯಲ್ಲಿ ನಿಲ್ಲಲು ಜಾಗವಿರುವುದಿಲ್ಲ.

ಮಧ್ಯಾಹ್ನ ಊರೊಳಗಿನ ಭಂಡಾರಿ ಬಸದಿ. ಹೊಯ್ಸಳರ ಭಂಡಾರಿ ಹುಳ್ಳ 1159ರಲ್ಲಿ ಕಟ್ಟಿಸಿದ್ದು, ಇಪ್ಪತ್ತನಾಲ್ಕು ತೀರ್ಥಂಕರರೂ ಒಂದೇ ಸಾಲಿನಲ್ಲಿ. ಜೈನ ಮಠದ ಗೋಡೆಯ ಚಿತ್ರಗಳನ್ನೂ ನೋಡಿ ಸಂಜೆಗೆ ಹೊರಟರೆ ರಾತ್ರಿ ಅರಸೀಕೆರೆ.

ಮೂರನೆಯ ದಿನ: ಬಂಕಾಪುರ

ಅರಸೀಕೆರೆಯಿಂದ ರೈಲಿನಲ್ಲಿ ಬೀರೂರು, ದಾವಣಗೆರೆ ಮೇಲಾಗಿ ಹಾವೇರಿ, ಅಲ್ಲಿಂದ ಬಸ್ಸಿನಲ್ಲಿ ಬಂಕಾಪುರ. ಅರ್ಧ ಹಗಲು ದಾರಿಯಲ್ಲೇ ಹೋಗುತ್ತದೆ. ಸ್ವಂತ ಗಾಡಿಯಾದರೆ ಚಿತ್ರದುರ್ಗದ ಹತ್ತಿರ ಹೆದ್ದಾರಿ ಸೇರಿಕೊಳ್ಳಬಹುದು.

ಸ್ಮಾರಕ ಹುಡುಕಿಕೊಂಡು ಬಂದವರಿಗೆ ನಿರಾಸೆಯಾದೀತು. ಕೋಟೆಯೊಳಗಿನ ನಗರೇಶ್ವರ ಗುಡಿ ಚೆಲುವಾದದ್ದೇ. ಅರವತ್ತು ಕಂಬದ ಗುಡಿ ಎಂದು ಊರವರು ಕರೆಯುವ ಅದು ಮಾರಸಿಂಹನಿಗಿಂತ ಈಚಿನದು. ಆದರೆ ಜಾಗಕ್ಕೆ ತೂಕವಿದೆ. ಊರಿಗೆ ಹೆಸರು ಬಂದದ್ದು ರಾಷ್ಟ್ರಕೂಟರ ಅರಸು ಅಮೋಘವರ್ಷನ ದಂಡನಾಯಕ ಬಂಕೇಶನಿಂದ. ಗುಣಭದ್ರನ ಉತ್ತರಪುರಾಣಕ್ಕೆ 898ರಲ್ಲಿ ಪೂಜೆ ನಡೆದದ್ದು ಇಲ್ಲಿ. ಅಜಿತಸೇನರು ಮಾರಸಿಂಹನ ಕೊನೆಯ ಮೂರು ದಿನಕ್ಕೆ ಮಾತ್ರ ಗುರುವಲ್ಲ, ಚಾವುಂಡರಾಯನಿಗೂ ಕವಿ ರನ್ನನಿಗೂ ಗುರುಗಳು. ಬಿಟ್ಟ ಅರಸನಿಗೂ ಭಾರ ಹೊತ್ತ ಮಂತ್ರಿಗೂ ಒಬ್ಬರೇ ಗುರು. ಒಬ್ಬನಿಗೆ ಬಿಡು ಎಂದವರು ಇನ್ನೊಬ್ಬನಿಗೆ ಹೊರು ಎಂದರೇ? ಹೊಣೆಯನ್ನು ಬಿಡುವ ಕಾಲ ಎಲ್ಲರಿಗೂ ಒಂದೇ ಹೊತ್ತಿಗೆ ಬರುವುದಿಲ್ಲ ಎಂಬುದು ಬಂಕಾಪುರದಲ್ಲಿ ನಿಂತಾಗ ತಾನಾಗಿ ಹೊಳೆಯುತ್ತದೆ. ಕೋಟೆಯ ಆವರಣ ಈಗ ನವಿಲುಧಾಮ. ಸಂಜೆ ಇಳಿಹೊತ್ತಿನಲ್ಲಿ ನವಿಲು ಹೊರಬರುತ್ತವೆ, ಗದ್ದಲ ಮಾಡದೆ ನಿಲ್ಲಬೇಕು. ರಾತ್ರಿಯೇ ಹುಬ್ಬಳ್ಳಿಗೆ ಹೋಗಿ ಕಲಬುರಗಿ ಕಡೆಯ ಬಸ್ಸು ಹತ್ತಿದರೆ ಒಂದು ದಿನ ಉಳಿಯುತ್ತದೆ.

ನಾಲ್ಕನೆಯ ದಿನ: ಮಳಖೇಡ

ಕಲಬುರಗಿಯಿಂದ ಸೇಡಂ ರಸ್ತೆಯಲ್ಲಿ ಸುಮಾರು 40 ಕಿ.ಮೀ. ರೈಲಿನವರಿಗೆ ಮಳಖೇಡ ರೋಡ್ ನಿಲ್ದಾಣವಿದೆ. ಕಾಗಿಣಾ ದಂಡೆಯ ಕೋಟೆಯೂ ನೇಮಿನಾಥ ಬಸದಿಯೂ ಒಂದು ಬೆಳಗ್ಗೆಗೆ ಸಾಕು. ಮಾನ್ಯಖೇಟದ ಅರಮನೆಯನ್ನು ಇಲ್ಲಿ ಹುಡುಕಬೇಡಿ.

ಇಲ್ಲಿ ಆಳಿದ ಅಮೋಘವರ್ಷ ನೃಪತುಂಗ 814ರಲ್ಲಿ ಹುಡುಗನಾಗಿದ್ದಾಗಲೇ ಪಟ್ಟಕ್ಕೆ ಬಂದ. ಕೆಲವೇ ವರ್ಷಗಳಲ್ಲಿ ದಂಗೆಯೆದ್ದು ಗದ್ದುಗೆ ಕೈತಪ್ಪಿತು, ಗುಜರಾತ ಶಾಖೆಯ ಕರ್ಕ 821ರೊಳಗೆ ಮತ್ತೆ ಕೂರಿಸಿದ. ಹೀಗೆ ಕಳೆದುಕೊಳ್ಳುವುದೇನು ಎಂದು ಚಿಕ್ಕಂದಿನಲ್ಲೇ ಕಂಡವನು 64 ವರ್ಷ ಆಳಿದ. 871ರ ಸಂಜಾನ ತಾಮ್ರಪಟ ಅವನು ಒಂದಲ್ಲ, ಹಲವು ಸಲ ರಾಜ್ಯ ತೊರೆದ ಎನ್ನುತ್ತದೆ. ಜನರಿಗೆ ಬಂದ ಕೇಡು ತಪ್ಪಲೆಂದು ಎಡಗೈ ಬೆರಳನ್ನು ಕತ್ತರಿಸಿ ಮಹಾಲಕ್ಷ್ಮಿಗೆ ಒಪ್ಪಿಸಿದ ಸಂಗತಿಯೂ ಅದರಲ್ಲೇ ಇದೆ. ಪ್ರಶ್ನೋತ್ತರ ರತ್ನಮಾಲಿಕೆಯ ಕೊನೆಯ ಪದ್ಯ ಕರ್ತೃವನ್ನು ‘ವಿವೇಕಾತ್ ತ್ಯಕ್ತರಾಜ್ಯೇನ’, ವಿವೇಕದಿಂದ ರಾಜ್ಯ ಬಿಟ್ಟ ಅಮೋಘವರ್ಷ ಎಂದು ಕರೆಯುತ್ತದೆ. ಆ ಕೃತಿ ಶಂಕರರದು ಎನ್ನುವವರಿದ್ದಾರೆ. ಟಿಬೆಟಿನ ಅನುವಾದ ಮಾತ್ರ ಅಮೋಘವರ್ಷನ ಹೆಸರನ್ನೇ ಹೇಳುತ್ತದೆ.

ಹಲವು ಸಲ ಬಿಟ್ಟ ಎಂದರೆ ಹಲವು ಸಲ ಮರಳಿದ ಎಂದೂ ಆಯಿತು. ಇದನ್ನು ದೌರ್ಬಲ್ಯ ಎಂದು ಓದುವುದು ತಪ್ಪು. ಮಾರಸಿಂಹ ಬಿಟ್ಟಾಗ ಗಂಗವಾಡಿಯಲ್ಲಿ ಏನಾಯಿತೆಂದು ಚಿಕ್ಕಬೆಟ್ಟದ ಕಂಬದ ಬುಡದಲ್ಲಿ ಕಂಡದ್ದಾಗಿದೆ. ಅಮೋಘವರ್ಷನ ಮುಂದೆಯೂ ದಂಗೆಗಳಿದ್ದವು, ಬಂಕೇಶನೇ ಹೋಗಿ ಅಡಗಿಸಬೇಕಾದಂಥವು. ಜಿನಸೇನರಂಥ ಗುರುವಿನ ಬಳಿ ಕುಳಿತು, ಕರೆ ಬಂದಾಗ ಎದ್ದು ಬಂದು, ಮತ್ತೆ ಹೋಗಿ ಕುಳಿತು, ಮಗ ಕೃಷ್ಣ ಭಾರ ಹೊರುವಷ್ಟು ಬಲಿಯುವ ತನಕ ಹಾಗೇ ನಡೆಸಿದ ಎಂದು ಓದಿದರೆ ಆ ‘ವಿವೇಕಾತ್’ ಎಂಬ ಪದಕ್ಕೆ ನೆಲ ಸಿಗುತ್ತದೆ. ಬಾಹುಬಲಿಯ ಹಾಗೆ ಒಂದೇ ಮಾತಿನಲ್ಲಿ ಕೊಟ್ಟದ್ದಲ್ಲ, ಭರತನ ಹಾಗೆ ಕೊನೆಗೆ ಒಮ್ಮೆಲೇ ಕಳಚಿದ್ದೂ ಅಲ್ಲ. ಬೆರಳಿನ ಹಿಡಿತವನ್ನು ಒಂದೊಂದಾಗಿ ಸಡಿಲಿಸಿದ್ದು.

ಕೋಟೆಯ ಗೋಡೆಯ ಮೇಲೆ ಅಲ್ಲಲ್ಲಿ ಕಲ್ಲು ಕದಲಿದೆ, ಅಂಚಿಗೆ ಹೋಗಬೇಡಿ. ನೆರಳು ಕಡಿಮೆ, ತಲೆಗೆ ಬಟ್ಟೆ, ಎರಡು ಲೀಟರ್ ನೀರು ಇರಲಿ. ಹನ್ನೆರಡರೊಳಗೆ ನೋಡಿ ಮುಗಿಸಿ ರಸ್ತೆಗೆ ಬಂದರೆ ಕಲಬುರಗಿಯ ಬಸ್ಸು ಸಿಗುತ್ತದೆ, ಊಟದ ಹೊತ್ತಿಗೆ ಊರು ಸೇರಬಹುದು.